ಗಾಳಿಯ ಗಡಿ, ಗುಡುಗು ಮೋಡ, ಅಳೆಯಲು ಹೋಗುವ ವಿಮಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನಲ್ಲಿ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು ನಾನು. ಬೇಲೂರು ಕಡೆ ಸ್ವಲ್ಪ ಕಾಫಿ ತೋಟವೂ ಇದೆ. ಅಶ್ವಿನಿ ಮಳೆ ಹುಟ್ಟುವ ಹೊತ್ತಿಗೆ ಪರಿಚಯದವರ ಫೋನ್ ಶುರುವಾಗುತ್ತದೆ: "ಸಾರ್, ಮೋಡ ಕಟ್ಟಿದೆ, ಬರುತ್ತಾ?" ಒಮ್ಮೆ ಬೆಳೆಗಾರರ ಸಭೆಯಲ್ಲಿ ಗುಡುಗು ಮೋಡ ಹುಟ್ಟುವ ಜಾಗಕ್ಕೆ ಹೋಗಿ ಗಾಳಿ ಅಳೆಯುವ ವಿಮಾನಗಳ ಬಗ್ಗೆ ಮಾತಾಡಿದೆ. ಆಮೇಲೆ ಬಂದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಕೇಳಿದವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಬಹುಪಾಲು ಕೇಳಿದವರ ಮಾತಲ್ಲೇ ಇವೆ.

ಗುಡುಗು ಮಳೆ ಬರೋ ಕಡೆ ವಿಮಾನ ಓಡಿಸ್ತಾರೆ ಅಂದ್ರಲ್ಲ, ಎಲ್ಲರೂ ತಪ್ಪಿಸಿಕೊಂಡು ಹೋಗೋ ಜಾಗಕ್ಕೆ ಇವರು ಯಾಕೆ ಹೋಗ್ತಾರೆ?

ಇವರು ಹೋಗುವುದು ಮಳೆಯೊಳಕ್ಕಲ್ಲ, ಮಳೆ ಬರುವುದಕ್ಕೆ ಮೊದಲು. ಮಧ್ಯಾಹ್ನ ಹನ್ನೆರಡಕ್ಕೋ ಒಂದಕ್ಕೋ ಆಕಾಶ ಇನ್ನೂ ನೀಲಿ ಇರುವಾಗಲೇ, "ಇವತ್ತು ಇಲ್ಲಿ ಹುಟ್ಟಬಹುದು" ಅಂತ ಅಂದಾಜು ಮಾಡಿದ ಗೆರೆಯ ಮೇಲೆ, ಅಂದರೆ ಗಾಳಿಯ ಗಡಿಯ ಮೇಲೆ, ಹಿಂದಕ್ಕೂ ಮುಂದಕ್ಕೂ ಹಾರುತ್ತಾರೆ. ಬೆಳೆದುನಿಂತ ಮೋಡವನ್ನು ರೇಡಾರ್ ನೋಡುತ್ತದೆ. ಇನ್ನೂ ಹುಟ್ಟದೆ ಇರುವ ಮೋಡ ಯಾವ ಜಾಗದಲ್ಲಿ, ಎಷ್ಟು ಹೊತ್ತಿಗೆ ಹುಟ್ಟುತ್ತದೆ ಅನ್ನುವುದೇ ಕಷ್ಟದ ಪ್ರಶ್ನೆ. ಮುನ್ಸೂಚನೆ ಎಡವುವುದು ಹೆಚ್ಚಾಗಿ ಅಲ್ಲೇ.

ಗಡಿ ಅಂದ್ರೆ ಏನು? ಗಾಳಿಗೂ ಬೇಲಿ ಹಾಕಿರ್ತಾರಾ?

ಬೇಲಿ ಇಲ್ಲ, ಆದರೆ ಬದು ಇದೆ. ಒಂದು ಕಡೆ ಹಸಿಗಾಳಿ, ಇನ್ನೊಂದು ಕಡೆ ಒಣಗಾಳಿ. ಅಥವಾ ಒಂದು ಕಡೆ ತಂಪು, ಇನ್ನೊಂದು ಕಡೆ ಬಿಸಿ. ಎರಡೂ ಎದುರುಬದುರಾಗಿ ಬಂದು ಸೇರುವ ಕಡೆ ಗಾಳಿಗೆ ಪಕ್ಕಕ್ಕೆ ಹೋಗಲು ದಾರಿ ಸಾಲದೆ ಮೇಲಕ್ಕೇ ಏಳಬೇಕಾಗುತ್ತದೆ. ಎದ್ದ ಗಾಳಿ ತಣಿದು ಮೋಡವಾಗುತ್ತದೆ.

ಇದರಲ್ಲಿ ಜಾತಿಗಳು ಹಲವು. ಕಡಲಗಾಳಿ ಒಳನಾಡಿಗೆ ನುಗ್ಗಿ ಬರುವಾಗ ಅದರ ಮುಂಚೂಣಿ ಒಂದು ಗಡಿ. ಹಳೆಯ ಮಳೆಯೊಂದು ಸುರಿದು ಕೆಳಗೆ ಹರಡಿದ ತಣ್ಣನೆ ಗಾಳಿಯ ಅಂಚು ಇನ್ನೊಂದು. ಮಳೆಗೆ ಹತ್ತು ನಿಮಿಷ ಮುಂಚೆ ಧೂಳೆಬ್ಬಿಸಿ, ಬಾಳೆ ಎಲೆ ಸೀಳಿ, ಒಣಗಲು ಹಾಕಿದ ಬಟ್ಟೆ ಹಾರಿಸಿಕೊಂಡು ಹೋಗುತ್ತದಲ್ಲ, ಆ ಗಾಳಿ. ಅಂಥ ಎರಡು ಅಂಚು ಡಿಕ್ಕಿ ಹೊಡೆದ ಕಡೆ ಹೊಸ ಗುಡುಗು ಮೋಡ ಎದ್ದು ನಿಲ್ಲುವುದು ಸಾಮಾನ್ಯ. ಅಮೆರಿಕದ ಟೆಕ್ಸಾಸ್, ಒಕ್ಲಹೋಮಾ ಕಡೆ ಮೆಕ್ಸಿಕೋ ಕೊಲ್ಲಿಯ ಹಸಿಗಾಳಿಗೂ ಪಶ್ಚಿಮದ ಮರುಭೂಮಿ ಕಡೆಯ ಒಣಗಾಳಿಗೂ ನಡುವೆ ಬೀಳುವ ಗೆರೆಗೆ ಡ್ರೈಲೈನ್ ಅಂತಾರೆ. ವಿಮಾನದಿಂದ ತುಂಬ ಚೆನ್ನಾಗಿ ಅಳೆದ ಗಡಿಗಳಲ್ಲಿ ಅದೂ ಒಂದು.

ನಮ್ಮ ಕಡೆ ಅಂಥದ್ದು ಇದೆಯಾ, ಅಥವಾ ಎಲ್ಲಾ ಅಮೆರಿಕದ ಕಥೆನಾ?

ಇದೆ. ಏಪ್ರಿಲ್-ಮೇ ತಿಂಗಳ ಹವಾಮಾನ ಇಲಾಖೆ ವರದಿ ಓದಿ ನೋಡಿ: ಮಧ್ಯ ಭಾರತದಿಂದ ಕರ್ನಾಟಕದ ಒಳನಾಡಿನ ಮೇಲೆ ಹಾಯ್ದು ತಮಿಳುನಾಡಿನವರೆಗೆ ಗಾಳಿ ದಿಕ್ಕು ಬದಲಿಸುವ ಪಟ್ಟಿಯೊಂದು ಪದೇ ಪದೇ ಬರುತ್ತದೆ. ವಾಯುವ್ಯದಿಂದ ಬರುವ ಒಣಗಾಳಿಗೂ ಎರಡು ಕಡಲಿನ ಹಸಿಗಾಳಿಗೂ ಅಲ್ಲಿ ಭೇಟಿ. ಅದರ ಮೇಲೆ ಪಡುವಣ ಕಡಲಗಾಳಿ ಘಟ್ಟ ಹತ್ತಿ ಬರುತ್ತದೆ. ಬಾಬಾಬುಡನ್ ಗಿರಿಯ ಸಾಲು ಬೆಳಗಿನ ಬಿಸಿಲಿಗೇ ಕಾದು ತಾನೇ ಗಾಳಿ ಎಳೆದುಕೊಳ್ಳುತ್ತದೆ.

ಒಂದು ಸಲ ಏಪ್ರಿಲ್ ಮಧ್ಯಾಹ್ನ ಕಡೂರಿನಿಂದ ಬೈಕಿನಲ್ಲಿ ಬರುತ್ತಿದ್ದೆ. ತುಟಿ ಬಿರಿಯುವಂಥ ಗಾಳಿ, ಹೆಲ್ಮೆಟ್ ಒಳಗೆ ಬೆವರೂ ನಿಲ್ಲದೆ ಆರಿಹೋಗುತ್ತಿತ್ತು. ಸಖರಾಯಪಟ್ಟಣ ದಾಟಿ ಸ್ವಲ್ಪ ದೂರ ಬಂದಿದ್ದೆ, ಎಡಗೆನ್ನೆಗೆ ಬೀಳುತ್ತಿದ್ದ ಗಾಳಿ ಬಲಗೆನ್ನೆಗೆ ಬಂತು. ಎರಡೇ ನಿಮಿಷಕ್ಕೆ ಅಂಗಿ ಮೈಗಂಟಿತು. ತಲೆ ಎತ್ತಿ ನೋಡಿದರೆ ಗಿರಿ ಕಡೆಗೆ ಹೂಕೋಸಿನಂಥ ಮೋಡಗಳು ಸಾಲಾಗಿ, ದಾರ ಹಿಡಿದು ನೆಟ್ಟ ಹಾಗೆ. ಬೈಕ್ ನಿಲ್ಲಿಸಿ ನೋಡುತ್ತ ನಿಂತೆ. ದಾರಿಹೋಕರೊಬ್ಬರು ಪೆಟ್ರೋಲ್ ಖಾಲಿ ಆಯಿತೇನೋ ಅಂತ ವಿಚಾರಿಸಿಕೊಂಡು ಹೋದರು.

ಅಷ್ಟು ಸಣ್ಣ ವ್ಯತ್ಯಾಸಕ್ಕೆ ಅಷ್ಟು ದೊಡ್ಡ ಮೋಡ ಏಳುತ್ತಾ?

ಲೆಕ್ಕ ಹಾಕೋಣ. ಗಾಳಿಯಲ್ಲಿರುವ ಹಸಿ ಇಬ್ಬನಿಯಾಗಲು ಎಷ್ಟು ಡಿಗ್ರಿವರೆಗೆ ತಣಿಯಬೇಕೋ ಅದು ಇಬ್ಬನಿ ಬಿಂದು. ನೆಲದ ಉಷ್ಣತೆಗೂ ಇಬ್ಬನಿ ಬಿಂದುವಿಗೂ ಇರುವ ಅಂತರದಲ್ಲಿ ಪ್ರತಿ 1 ಡಿಗ್ರಿಗೆ ಸುಮಾರು 125 ಮೀಟರ್ ಎತ್ತರಕ್ಕೆ ಮೋಡದ ತಳ ಇರುತ್ತದೆ. ಬಯಲುಸೀಮೆ ಕಡೆ 37 ಡಿಗ್ರಿ ಬಿಸಿಲು, ಇಬ್ಬನಿ ಬಿಂದು 13 ಅಂದುಕೊಳ್ಳಿ. ಅಂತರ 24, ಮೋಡದ ತಳ 3000 ಮೀಟರಿಗೆ. ಅರೆಮಲೆನಾಡಿನ ಕಡೆ 32 ಡಿಗ್ರಿ, ಇಬ್ಬನಿ ಬಿಂದು 20. ಅಂತರ 12, ತಳ 1500 ಮೀಟರಿಗೇ ಸಿಗುತ್ತದೆ. ಒಂದು ಕಡೆ ಗಾಳಿ ಮೂರು ಕಿಲೋಮೀಟರ್ ಏರಬೇಕು, ಇನ್ನೊಂದು ಕಡೆ ಅದರ ಅರ್ಧ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಒಂದು ಕೆಜಿ ಗಾಳಿಯಲ್ಲಿ ಒಂದೇ ಒಂದು ಗ್ರಾಂ ನೀರಾವಿ ಹನಿಯಾದರೆ ಆ ಗಾಳಿ ಸುಮಾರು 2.5 ಡಿಗ್ರಿ ಬಿಸಿಯಾಗುತ್ತದೆ. ಬಿಸಿಯಾದದ್ದು ಇನ್ನೂ ಮೇಲೇಳುತ್ತದೆ. ಅಂದರೆ ತೇವಾಂಶ ಅಳೆಯುವುದರಲ್ಲಿ ಒಂದು ಗ್ರಾಂ ತಪ್ಪಿದರೂ ಸಾಕು, ಗುಡುಗಬೇಕಾದ ದಿನ ಕಂಪ್ಯೂಟರ್ ಲೆಕ್ಕದಲ್ಲಿ ಬರೀ ಸೆಕೆಯ ದಿನವಾಗಿ ಹೋಗುತ್ತದೆ. ವಿಮಾನ ಕಳಿಸುವ ಖರ್ಚಿಗೆ ನನ್ನ ಪ್ರಕಾರ ಇದೊಂದೇ ಕಾರಣ ಸಾಕು.

ಹಾಗೇ ಒಂದು ತಪ್ಪು ತಿಳಿವಳಿಕೆ: ಹಸಿಗಾಳಿ ಭಾರ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಒಂದೇ ಉಷ್ಣತೆ, ಒಂದೇ ಒತ್ತಡ ಇದ್ದರೆ ಹಸಿಗಾಳಿಯೇ ಹಗುರ. ನೀರಿನ ಅಣುವಿನ ತೂಕ 18, ಒಣಗಾಳಿಯ ಸರಾಸರಿ 29. ಮೈಮೇಲೆ ಮೂಟೆ ಹೊತ್ತಂತೆ ಅನ್ನಿಸುವುದು ಬೆವರು ಆರದೆ ಇರುವುದರಿಂದ.

ಮಧ್ಯಾಹ್ನ ಎಲ್ಲಾ ಮೋಡ ಕಟ್ಟಿ ಕಟ್ಟಿ ಸಂಜೆ ಖಾಲಿ ಆಗುತ್ತಲ್ಲ, ಗಡಿ ಇದ್ರೂ ಯಾಕೆ ಹಂಗೆ?

ಮೇಲೆ ಮುಚ್ಚಳ ಇರುತ್ತದೆ. ಒಂದೆರಡು ಕಿಲೋಮೀಟರ್ ಎತ್ತರದಲ್ಲಿ ಬಿಸಿಯಾದ ಒಣಗಾಳಿಯ ಪದರು ಹಾಸಿಕೊಂಡಿದ್ದರೆ ಕೆಳಗಿನಿಂದ ಏರಿದ ಗಾಳಿ ಅಲ್ಲಿಗೆ ಹೋಗಿ ತಲೆ ಬಡಿದು ನಿಲ್ಲುತ್ತದೆ. ವಿಚಿತ್ರ ಅಂದರೆ ಈ ಮುಚ್ಚಳ ಇದ್ದ ದಿನವೇ ಒಮ್ಮೆ ಒಡೆದರೆ ಜೋರು. ಬೆಳಗಿನಿಂದ ಅಲ್ಲಲ್ಲಿ ಸಣ್ಣ ಮಳೆಯಾಗಿ ಖರ್ಚಾಗಬೇಕಿದ್ದ ಹಸಿಯೆಲ್ಲ ಕೂಡಿಟ್ಟು, ಸಂಜೆ ನಾಲ್ಕೂವರೆಗೆ ಒಂದೇ ಕಡೆ ಸಿಡಿಯುತ್ತದೆ. ಆಲಿಕಲ್ಲು ಬೀಳುವ ದಿನಗಳಲ್ಲಿ ಬೆಳಿಗ್ಗೆ ಹೆಚ್ಚಾಗಿ ಒಂದು ತುಣುಕು ಮೋಡವೂ ಇರುವುದಿಲ್ಲ, ಗಮನಿಸಿ.

ವಿಮಾನ ಬರಿಗೈಲಿ ವಾಪಸ್ ಬಂದದ್ದು ಉಂಟಾ?

ಧಾರಾಳವಾಗಿ. 2002ರ ಮೇ 13ರಿಂದ ಜೂನ್ 25ರವರೆಗೆ ಅಮೆರಿಕದ ಬಯಲಿನಲ್ಲಿ ಐಹಾಪ್ ಅನ್ನುವ ದೊಡ್ಡ ಪ್ರಯೋಗ ನಡೆಯಿತು. ಗಾಳಿಯ ತೇವಾಂಶವನ್ನು ಮೂರು ಆಯಾಮದಲ್ಲಿ ಅಳೆಯುವುದೇ ಅದರ ಗುರಿ. ಹಲವು ವಿಮಾನಗಳು, ಲಾರಿ ಮೇಲೆ ಕೂರಿಸಿದ ರೇಡಾರುಗಳು, ಎಲ್ಲವೂ ಇದ್ದವು. ಮೇ 22ರಂದು ಡ್ರೈಲೈನ್ ಕಣ್ಣಿಗೆ ಕಟ್ಟಿದ ಹಾಗೆ ಸ್ಪಷ್ಟವಾಗಿತ್ತು. ಎಲ್ಲರೂ ಅದರ ಮೇಲೆ ಕೂತು ಅಳೆದರು. ಗುಡುಗು ಮೋಡ ಮಾತ್ರ ಏಳಲೇ ಇಲ್ಲ.

ಆ ದಿನದ ಬಗ್ಗೆ ಆಮೇಲೆ ಹಲವು ಪ್ರಬಂಧಗಳು ಬಂದವು. ಗಡಿಯ ಮೇಲೆ ಏರಿದ ಹಸಿಗಾಳಿ ಹನಿಯಾಗುವ ಎತ್ತರ ಮುಟ್ಟುವ ಮೊದಲೇ ಅಕ್ಕಪಕ್ಕದ ಒಣಗಾಳಿ ಬೆರೆತು ತೆಳುವಾಗುವ ಸಾಧ್ಯತೆ, ಏರುಗಾಳಿ ಬೇಗ ಗಡಿಯಿಂದ ಜಾರಿಹೋಗುವ ಸಾಧ್ಯತೆ ಇವೆಲ್ಲ ಅಂಕಿಸಂಖ್ಯೆ ಸಮೇತ ನೋಡಲು ಸಿಕ್ಕಿದ್ದು ಅಂಥ ಸಪ್ಪೆ ದಿನಗಳಿಂದ. ಮಳೆ ಬಂದ ದಿನವನ್ನೇ ನೋಡುತ್ತಿದ್ದರೆ ಬರದ ದಿನಕ್ಕೆ ಕಾರಣ ತಿಳಿಯುವುದು ಹೇಗೆ?

ವಿಮಾನದಲ್ಲಿ ಏನಿರುತ್ತೆ, ಹೆಂಗೆ ಅಳೀತಾರೆ?

ಮೂತಿಯಿಂದ ಮುಂದಕ್ಕೆ ಚಾಚಿದ ಉದ್ದ ಕೊಳವೆಯೊಂದು ಇರುತ್ತದೆ. ವಿಮಾನವೇ ಕಲಕುವ ಗಾಳಿ ಸೋಕದ ಹಾಗೆ ಅದು ಗಾಳಿಯ ಒತ್ತಡ, ದಿಕ್ಕು ಹಿಡಿಯುತ್ತದೆ. ಉಷ್ಣತೆ, ತೇವಾಂಶ ಅಳೆಯುವ ಸಾಧನ ಬೇರೆ. ವಯೋಮಿಂಗ್ ವಿಶ್ವವಿದ್ಯಾಲಯದ ಕಿಂಗ್ ಏರ್ ಅನ್ನುವ ಪುಟ್ಟ ವಿಮಾನ ಸೆಕೆಂಡಿಗೆ 90 ಮೀಟರಿನಷ್ಟು ವೇಗದಲ್ಲಿ ಅಳತೆ ಮಾಡುತ್ತ ಹೋಗುತ್ತದೆ. ಒಂದು ಕಿಲೋಮೀಟರ್ ಅಗಲದ ಗಡಿ ದಾಟಲು ಹನ್ನೊಂದು ಸೆಕೆಂಡ್. ಸೆಕೆಂಡಿಗೆ 25 ಸಲ ಓದಿಕೊಂಡರೆ ಅಷ್ಟರಲ್ಲಿ 275 ಅಳತೆ. ನಮ್ಮ ಜಿಲ್ಲೆಯಲ್ಲಿ ಎರಡು ಹವಾಮಾನ ಕೇಂದ್ರಗಳ ನಡುವೆ ಎಷ್ಟು ಗುಡ್ಡ, ಎಷ್ಟು ಕೆರೆ ಬರುತ್ತವೆ ಅಂತ ಎಣಿಸಿದರೆ ಇದರ ಬೆಲೆ ಗೊತ್ತಾಗುತ್ತದೆ.

ಹಾರುವ ಕ್ರಮ ಉಳುಮೆಯ ಹಾಗೆ. ಗಡಿಗೆ ಅಡ್ಡಲಾಗಿ ಒಂದು ಸಾಲು, ತಿರುಗಿ ಸ್ವಲ್ಪ ಮೇಲೆ ಇನ್ನೊಂದು ಸಾಲು, ಅದರ ಮೇಲೆ ಮತ್ತೊಂದು. ಕೆಳಗಿನ ಸಾಲು ನೆಲದಿಂದ ಕೆಲವೇ ನೂರು ಅಡಿ ಇರಬಹುದು. ದೊಡ್ಡ ವಿಮಾನಗಳು ಎತ್ತರದಿಂದ ಡ್ರಾಪ್‌ಸೋಂಡ್ ಬಿಡುತ್ತವೆ. ಸಣ್ಣ ಪ್ಯಾರಾಚೂಟ್ ಕಟ್ಟಿದ ಕೊಳವೆ ಅದು, ಬೀಳುತ್ತ ಬೀಳುತ್ತ ದಾರಿಯುದ್ದಕ್ಕೂ ವರದಿ ಕಳಿಸುತ್ತದೆ. ಲಿಡಾರ್ ಅನ್ನುವ ಸಾಧನ ಲೇಸರ್ ಬೆಳಕು ಬಿಟ್ಟು ಕೆಳಗಿನ ಹಸಿಯನ್ನು ಓದುತ್ತದೆ. ಐಹಾಪ್‌ನಲ್ಲಿ ಪಿ-3 ವಿಮಾನದ ಬಾಲಕ್ಕೆ ಎಲ್ಡೋರಾ ಅನ್ನುವ, ಗಾಳಿಯ ವೇಗವನ್ನೂ ಹಿಡಿಯುವ ಡಾಪ್ಲರ್ ರೇಡಾರ್ ಕೂರಿಸಿದ್ದರು. ಅದರ ಒಂದು ಕಿರಣ ಸ್ವಲ್ಪ ಮುಂದಕ್ಕೆ, ಇನ್ನೊಂದು ಸ್ವಲ್ಪ ಹಿಂದಕ್ಕೆ. ಒಂದೇ ಜಾಗವನ್ನು ಎರಡು ಕೋನದಿಂದ ನೋಡಿದ್ದರಿಂದ ಗಾಳಿ ಎತ್ತ ಬೀಸುತ್ತಿದೆ ಅಂತ ಬಿಡಿಸಬಹುದು.

ನನಗೆ ತುಂಬ ಹಿಡಿಸಿದ ಸಂಗತಿ ಮಾತ್ರ ಹುಳುಗಳದ್ದು. ಮೋಡವೇ ಇಲ್ಲದ ಆಕಾಶದಲ್ಲಿ ರೇಡಾರಿಗೆ ಗಡಿ ಒಂದು ತೆಳು ಗೆರೆಯಾಗಿ ಕಾಣುತ್ತದೆ. ಕಾರಣ ನೀರಲ್ಲ. ಗಾಳಿ ಬಂದು ಸೇರುವ ಕಡೆ ಹಾರುವ ಹುಳುಗಳೂ ಬಂದು ಸೇರುತ್ತವೆ. ಗಾಳಿ ಮೇಲಕ್ಕೆ ಎಳೆದರೂ ಅವು ಚಳಿಯಿರುವ ಎತ್ತರಕ್ಕೆ ಹೋಗದೆ ಕೆಳಗೇ ಉಳಿಯಲು ನೋಡುತ್ತವೆ. ಹಾಗಾಗಿ ಗೆರೆಯುದ್ದಕ್ಕೂ ಗುಂಪಾಗುತ್ತವೆ. ಕೋಟ್ಯಂತರ ರೂಪಾಯಿಯ ರೇಡಾರು ಮಳೆಯ ಜಾಡು ಹಿಡಿಯುವುದು ಹುಳು ನೋಡಿ!

ಉಪಗ್ರಹ ಇದ್ಯಲ್ಲ? ಹಾಸನದಲ್ಲೇ ಎಂಸಿಎಫ್ ಇದೆ, ಅಲ್ಲಿಂದ ನೋಡಿದ್ರೆ ಆಗಲ್ವಾ?

ಹಾಸನದವರು ಇದನ್ನು ಕೇಳದೆ ಬಿಟ್ಟದ್ದೇ ಇಲ್ಲ. ಸಾಲಗಾಮೆ ರಸ್ತೆಯ ಎಂಸಿಎಫ್, ಅಂದರೆ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, 1982ರಿಂದ ನಮ್ಮ ಭೂಸ್ಥಿರ ಉಪಗ್ರಹಗಳನ್ನು ನಿಯಂತ್ರಿಸುತ್ತಿದೆ. ಟಿವಿಯಲ್ಲಿ ಕಾಣುವ ಮೋಡದ ಚಿತ್ರ ಕೊಡುವ ಇನ್ಸಾಟ್ ಸರಣಿಯೂ ಅದರ ಕೈಯಲ್ಲೇ. 2013ರಲ್ಲಿ ಇನ್ಸಾಟ್-3ಡಿ, 2016ರಲ್ಲಿ 3ಡಿಆರ್, 2024ರಲ್ಲಿ 3ಡಿಎಸ್ ಹಾರಿದವು.

ಆದರೆ ಉಪಗ್ರಹ ಇರುವುದು 36,000 ಕಿಲೋಮೀಟರ್ ಆಚೆ. ಅದರ ಶಾಖಚಿತ್ರದ ಒಂದೊಂದು ಚುಕ್ಕೆ 4 ಕಿಲೋಮೀಟರ್ ಅಗಲ. ಗಡಿ ಅದಕ್ಕಿಂತ ಕಿರಿದು. ಮೇಲಾಗಿ ಎಲ್ಲ ನಿರ್ಧಾರವಾಗುವುದು ನೆಲದಿಂದ ಮೇಲಿನ ಒಂದೆರಡು ಕಿಲೋಮೀಟರ್ ಗಾಳಿಯಲ್ಲಿ, ಉಪಗ್ರಹದ ಕಣ್ಣು ಮಂಜಾಗುವುದೂ ಅಲ್ಲೇ. ಉಪಗ್ರಹ ಊರಿನ ನಕ್ಷೆ ಕೊಡುತ್ತದೆ, ಬೀದಿಗೆ ಇಳಿದು ನೋಡುವುದು ವಿಮಾನ.

ಸಿಡಿಲು ಹೊಡೆಯಲ್ವಾ? ಜೀವಕ್ಕೆ ಅಪಾಯ ಇಲ್ವಾ?

ಹೊಡೆಯುತ್ತದೆ. ಲೋಹದ ಮೈ ಇರುವುದರಿಂದ ವಿದ್ಯುತ್ ಹೊರಗಿನಿಂದಲೇ ಹರಿದುಹೋಗುತ್ತದೆ, ಒಳಗಿದ್ದವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಹೆಚ್ಚು ಭಯ ಆಲಿಕಲ್ಲಿನದ್ದು, ಏರಿಳಿತದ ಗಾಳಿಯದ್ದು. ಅದಕ್ಕೇ ಈಗಿನ ವಿಮಾನಗಳು ಮೋಡ ಬೆಳೆದ ಮೇಲೆ ದೂರ ಸರಿದು ಪಕ್ಕದಿಂದ ನೋಡುತ್ತವೆ.

ಒಳಗೇ ನುಗ್ಗಿದವರೂ ಇದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ ಫ್ಲೋರಿಡಾದಲ್ಲಿ, 1947ರಲ್ಲಿ ಓಹಾಯೋದಲ್ಲಿ ಯುದ್ಧದ ಪಿ-61 ವಿಮಾನಗಳನ್ನೇ ಬಳಸಿ ಗುಡುಗು ಮೋಡದೊಳಗೆ ಹಾರಿದರು. 5000 ಅಡಿಯಿಂದ 25,000 ಅಡಿವರೆಗೆ ಐದು ಎತ್ತರ, ಒಂದರ ಮೇಲೊಂದು ವಿಮಾನ. ಗಾಳಿ ಮೇಲೆತ್ತಿದರೆ ಎತ್ತಲಿ, ಕೆಳಗೆ ನೂಕಿದರೆ ನೂಕಲಿ, ಎತ್ತರ ಸರಿಮಾಡಲು ಹೋಗಬೇಡಿ ಅಂತ ಪೈಲಟ್‌ಗಳಿಗೆ ಸೂಚನೆ. ವಿಮಾನ ಎಷ್ಟು ಏರಿಳಿಯಿತು ಅನ್ನುವುದೇ ಗಾಳಿಯ ಅಳತೆ. ಮೋಡ ಬೆಳೆಯುವುದು, ಸುರಿಯುವುದು, ಸಾಯುವುದು ಅಂತ ಮೂರು ಹಂತ ನಾನು ತರಗತಿಯಲ್ಲಿ ಪಾಠ ಮಾಡುತ್ತಿದ್ದೆ, ಅದು ಹೊರಟದ್ದು ಹವಾಮಾನ ವಿಜ್ಞಾನಿಗಳಾದ ಬೈಯರ್ಸ್ ಮತ್ತು ಬ್ರಹಾಂ ಮುಂದೆ ನಿಂತು ನಡೆಸಿದ ಆ ಹಾರಾಟಗಳಿಂದ. ಆಮೇಲೆ ದಕ್ಷಿಣ ಡಕೋಟಾದಲ್ಲಿ ಟಿ-28 ಅನ್ನುವ ಒಂಟಿ ಇಂಜಿನ್ ವಿಮಾನಕ್ಕೆ ಕವಚ ಹೊದಿಸಿ ಆಲಿಕಲ್ಲಿನ ಮೋಡಕ್ಕೇ ಕಳಿಸುತ್ತಿದ್ದರು. ಈಗ ಅದು ನಿವೃತ್ತ.

ನಮ್ಮ ದೇಶದಲ್ಲಿ ಇಂಥದ್ದು ನಡೆದಿದೆಯಾ?

ನಡೆದಿದೆ, ಮುಂಗಾರಿನ ಮೇಲೆ ಹೆಚ್ಚು. 1979ರ ಮಾನೆಕ್ಸ್ ಪ್ರಯೋಗದಲ್ಲಿ ಮುಂಬೈಯಿಂದ ಅರಬ್ಬಿ ಸಮುದ್ರದ ಮೇಲೆ ಅಮೆರಿಕದ ಸಂಶೋಧನಾ ವಿಮಾನಗಳು ಹಾರಿದವು. ಪುಣೆಯ ಐಐಟಿಎಂ ಸಂಸ್ಥೆ 2009ರಿಂದ ಕೈಪೀಕ್ಸ್ ಅನ್ನುವ ಯೋಜನೆಯಲ್ಲಿ ಮೋಡ ಮತ್ತು ಧೂಳುಕಣಗಳನ್ನು ವಿಮಾನದಿಂದ ಅಳೆಯಿತು. ನಮಗೆ ಹತ್ತಿರದ್ದು 2016ರ ಇನ್‌ಕಂಪಾಸ್ ಅನ್ನುವ ಪ್ರಯೋಗ. ಬ್ರಿಟನ್ನಿನ ನಾಲ್ಕು ಇಂಜಿನ್‌ನ ಬಿಎಇ-146 ಸಂಶೋಧನಾ ವಿಮಾನ ಮೊದಲು ಲಖನೌದಿಂದ, ಆಮೇಲೆ ಬೆಂಗಳೂರಿನಿಂದ ಹಾರಿತು. ಬೆಂಗಳೂರಿನಿಂದ ಹೊರಟದ್ದು ಪಶ್ಚಿಮ ಘಟ್ಟ ದಾಟಿ ಕಡಲ ಮೇಲೆ ಹೋಗಿ ಬರುತ್ತಿತ್ತು. ಮಳೆ ಕೆಲವು ದಿನ ಕಡಲಲ್ಲೇ ಸುರಿದು, ಕೆಲವು ದಿನ ಘಟ್ಟದ ಮೇಲೆ ಸುರಿಯುವುದರಲ್ಲಿ ನಡುಎತ್ತರದ ಒಣಗಾಳಿಯ ಕೈವಾಡ ಎಷ್ಟು ಅಂತ ಅದರ ಅಳತೆಗಳಿಂದ ಚೆನ್ನಾಗಿ ತಿಳಿಯಿತು.

ಬೇಸಿಗೆಯ ಗುಡುಗು ಮಳೆಗಾಗಿ, ನಮ್ಮ ಒಳನಾಡಿನ ಗೆರೆಯ ಮೇಲೇ ಇಂಥ ಹಾರಾಟ ಆಗಬೇಕು ಅನ್ನುವುದು ನನ್ನ ಆಸೆ. ಮುಂಗಾರಿಗೆ ಸಿಕ್ಕ ಗಮನ ಅಶ್ವಿನಿ, ಭರಣಿಗೆ ಸಿಕ್ಕಿಲ್ಲ.

ವಿಮಾನ ಬಂದು ಮೋಡ ಚದುರಿಸಿಬಿಡುತ್ತೆ ಅಂತಾರಲ್ಲ ಸಾರ್? ಅರಸೀಕೆರೆ ಕಡೆ ಎಲ್ಲರೂ ಅದನ್ನೇ ಹೇಳೋದು.

ಈ ಪ್ರಶ್ನೆ ಕೇಳುವಾಗ ಯಾರೂ ನಗುವುದಿಲ್ಲ. ತೆಂಗು ಒಣಗಿದವನಿಗೆ ನಗು ಬರುವುದಾದರೂ ಹೇಗೆ?

ಒಂದು ಎಕರೆಗೆ ಒಂದು ಇಂಚು ಮಳೆ ಅಂದರೆ ಒಂದು ಲಕ್ಷ ಲೀಟರಿಗೂ ಮೇಲೆ ನೀರು. ಹತ್ತು ಕಿಲೋಮೀಟರ್ ಉದ್ದ, ಹತ್ತು ಕಿಲೋಮೀಟರ್ ಅಗಲಕ್ಕೆ ಒಂದು ಇಂಚು ಬಿದ್ದರೆ ಇನ್ನೂರೈವತ್ತು ಕೋಟಿ ಲೀಟರ್. ಅಷ್ಟನ್ನು ಮೇಲೆತ್ತಿ ಹಿಡಿದ ಗಾಳಿಯನ್ನು ಒಂದು ವಿಮಾನದ ಇಂಜಿನ್ ಓಡಿಸಲಾರದು. ಅಳೆಯುವ ವಿಮಾನ ಮೋಡಕ್ಕೆ ಏನನ್ನೂ ಹಾಕುವುದಿಲ್ಲ. ಮೋಡ ಬಿತ್ತನೆಯ ವಿಮಾನ ಬೇರೆ. 2017ರಲ್ಲಿ ನಮ್ಮ ಸರ್ಕಾರ ವರ್ಷಧಾರಿ ಹೆಸರಲ್ಲಿ ಮಾಡಿಸಿತಲ್ಲ, ಅದು. ಅದೂ ಇರುವ ಮೋಡದಿಂದ ಸ್ವಲ್ಪ ಹೆಚ್ಚು ಹಿಂಡಲು ಮಾಡುವ ಪ್ರಯತ್ನ, ಓಡಿಸಲು ಅಲ್ಲ. ಎಷ್ಟು ಹೆಚ್ಚು ಸಿಗುತ್ತದೆ ಅಂತ ತಿಳಿಯಲು ಕೈಪೀಕ್ಸ್‌ನವರು 2018, 2019ರಲ್ಲಿ ಸೊಲ್ಲಾಪುರದಲ್ಲಿ ಕೆಲವು ಮೋಡಕ್ಕೆ ಬಿತ್ತಿ, ಕೆಲವನ್ನು ಹಾಗೇ ಬಿಟ್ಟು ಹೋಲಿಸಿದರು.

ಮತ್ತೆ ವಿಮಾನ ಕಂಡ ದಿನವೇ ಮೋಡ ಯಾಕೆ ಚದುರುತ್ತದೆ? ಬಿತ್ತನೆಯ ವಿಮಾನ ಹೊರಡುವುದು ಮೋಡ ಇದ್ದ ದಿನ. ಮೋಡ ಇದ್ದರೂ ಸುರಿಯದೆ ಹೋಗುವ ದಿನಗಳೇ ಹೆಚ್ಚು. ಎರಡನ್ನೂ ಒಟ್ಟಿಗೆ ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ.

ಕಾಫಿಗೆ ಹೂಮಳೆ ಯಾವತ್ತು ಅಂತ ಹೇಳೋ ಕಾಲ ಬರುತ್ತಾ?

ಇವತ್ತು ಸಂಜೆ ತಾಲೂಕಿನ ಮಟ್ಟಕ್ಕೆ ಬರುವ ಸಂಭವ ಇದೆಯೇ ಅನ್ನುವುದನ್ನು ಈಗಲೇ ಹೇಳುತ್ತಾರೆ. "ನನ್ನ ತೋಟಕ್ಕೆ ಎಂಬತ್ತು ಸೆಂಟ್ಸ್" (ನೂರು ಸೆಂಟ್ಸ್ ಅಂದರೆ ಒಂದು ಇಂಚು ಮಳೆ) ಅಂತ ಹೇಳುವುದು ದೂರದ ಮಾತು. ಹೂಮಳೆ ಬಿದ್ದು ಒಂಬತ್ತು-ಹತ್ತು ದಿನಕ್ಕೆ ಹೂ ಬಿಡುತ್ತದೆ, ಅರಳಿದ ದಿನವೇ ಮತ್ತೆ ಸುರಿದರೆ ಕಾಯಿಕಟ್ಟು ಹಾಳು. ಹೂ ಮುಗಿದ ಮೇಲೆ ಬರಬೇಕಾದ ಬ್ಯಾಕಿಂಗ್ ಮಳೆ ಬಾರದಿದ್ದರೆ ಕಚ್ಚಿದ ಕಾಯಿ ನಿಲ್ಲುವುದಿಲ್ಲ. ಇಷ್ಟು ದಿನಲೆಕ್ಕದ ಬೆಳೆ ನಂಬಿಕೊಂಡಿರುವುದು ದಿನಲೆಕ್ಕಕ್ಕೇ ಸಿಗದ ಮಳೆಯನ್ನು. ಸ್ಪ್ರಿಂಕ್ಲರ್ ಹಾಕಲೋ, ಇನ್ನೆರಡು ದಿನ ಕಾಯಲೋ ಅಂತ ಡೀಸೆಲ್ ಕ್ಯಾನ್ ಪಕ್ಕದಲ್ಲಿಟ್ಟುಕೊಂಡು ಆಕಾಶ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಎತ್ತಿನ ಒಂದು ಕೊಂಬು ನೆನೆದು ಇನ್ನೊಂದು ನೆನೆಯಲಿಲ್ಲ ಅನ್ನುವ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಒಂಟಿ ಗುಡುಗು ಮೋಡದ ಅಗಲವೇ ಕೆಲವು ಕಿಲೋಮೀಟರ್. ಗೆರೆ ಎರಡು ಕಿಲೋಮೀಟರ್ ಆಚೆ ಬಿದ್ದರೆ ಮಳೆ ಪಕ್ಕದ ತೋಟದವರ ಪಾಲು.

ಆಷಾಢದಲ್ಲಿ ಅಷ್ಟು ಸುರಿದ್ರೂ ಗುಡುಗು ಕಡಿಮೆ, ಯಾಕೆ?

ಆಗ ಮುಚ್ಚಳವೂ ಇಲ್ಲ, ಒಣ-ಹಸಿ ಜಗಳವೂ ಇಲ್ಲ. ಗಾಳಿ ಪೂರ್ತಿ ಹಸಿ, ಘಟ್ಟವೇ ಮೇಲೆತ್ತುತ್ತದೆ. ಮೋಡಗಳು ಹೆಚ್ಚು ಎತ್ತರ ಬೆಳೆಯುವುದಿಲ್ಲ. ಸಿಡಿಲಿಗೆ ಮಂಜುಗಡ್ಡೆಯ ಕಣಗಳ ತಿಕ್ಕಾಟ ಬೇಕು, ಅದಕ್ಕೆ ಮೋಡ ಐದು ಕಿಲೋಮೀಟರಿನ ಹಿಮದ ಗೆರೆ ದಾಟಿ ಚೆನ್ನಾಗಿ ಮೇಲೇರಬೇಕು.

ಮನೇಲಿ ಕೂತು ನಾವೇ ಗಡಿ ಗುರುತಿಸಬಹುದಾ?

ಬಹುದು. ನೂರೈವತ್ತು ರೂಪಾಯಿಯ ಎರಡು ಥರ್ಮಾಮೀಟರ್ ತಂದು ಒಂದರ ಬುಡಕ್ಕೆ ಒದ್ದೆ ಹತ್ತಿಬಟ್ಟೆ ಸುತ್ತಿ. ಎರಡರ ಅಂತರ ದೊಡ್ಡದಿದ್ದರೆ ಒಣಗಾಳಿ, ಕುಗ್ಗುತ್ತ ಬಂದರೆ ಹಸಿಗಾಳಿ ಬಂತು. ನೆರಳಲ್ಲಿ ತೂಗುಹಾಕಿ. ನಾನು ಮೊದಲ ವರ್ಷ ಕಣದ ಮನೆಯ ಜಿಂಕ್ ಶೀಟಿನ ಗೋಡೆಗೆ ಹೊಡೆದು, ಇಡೀ ಬೇಸಿಗೆ ಶೀಟಿನ ಜ್ವರ ಬರೆದುಕೊಂಡೆ.

ಗುಡುಗು ಕೇಳಿದ ಮೇಲೆ ಮಾತ್ರ ಈ ಕೆಲಸ ಬೇಡ. ಮಿಂಚು ಕಂಡು ಗುಡುಗು ಕೇಳುವವರೆಗಿನ ಸೆಕೆಂಡನ್ನು ಮೂರರಿಂದ ಭಾಗಿಸಿದರೆ ಕಿಲೋಮೀಟರ್ ಲೆಕ್ಕ ಸಿಗುತ್ತದೆ. ಆದರೆ ಗುಡುಗು ಕೇಳಿಸಿತು ಅಂದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರವೇ ಇದೆ. ಸಿಲ್ವರ್ ಮರದ ಕೆಳಗೆ, ಮೆಣಸು ಕೊಯ್ಯುವ ಅಲ್ಯುಮಿನಿಯಂ ಏಣಿ ಹಿಡಿದು ನಿಲ್ಲಬೇಡಿ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಸಿಡಿಲು ಆ್ಯಪ್, ಐಐಟಿಎಂನ ದಾಮಿನಿ ಎರಡೂ ಉಚಿತ. ಆಳುಗಳ ಫೋನಿಗೂ ಹಾಕಿಸಿ.

ತಾತನ ಕಾಲದ ಮಳೆ ಪುಸ್ತಕ ಇದೆ, ಅದಕ್ಕೇನಾದ್ರೂ ಬೆಲೆ ಇದೆಯಾ?

ದಯವಿಟ್ಟು ರದ್ದಿಗೆ ಹಾಕಬೇಡಿ. ಹಳೆಯ ತೋಟಗಳಲ್ಲಿ ಇಂಚು, ಸೆಂಟ್ಸ್ ಲೆಕ್ಕದಲ್ಲಿ ದಿನದಿನವೂ ಬರೆದಿಟ್ಟ ಪುಸ್ತಕಗಳಿವೆ. ಕೊರತೆ ಒಂದೇ: ಎಷ್ಟು ಬಂತು ಅಂತ ಇದೆ, ಎಷ್ಟು ಹೊತ್ತಿಗೆ ಬಂತು ಅಂತ ಇಲ್ಲ. ಇನ್ನು ಮುಂದೆ ಪಕ್ಕದಲ್ಲಿ ಇನ್ನೆರಡು ಗೆರೆ ಎಳೆಯಿರಿ. ಒಂದರಲ್ಲಿ ಗಾಳಿ ತಿರುಗಿದ ಹೊತ್ತು, ಇನ್ನೊಂದರಲ್ಲಿ ಮೊದಲ ಹನಿ ಬಿದ್ದ ಹೊತ್ತು. ಬರೆದ ಪುಟದ ಫೋಟೋ ನನಗೂ ಒಂದು ಕಳಿಸಿ.